ಇದ್ದ ಹಾಗೆ ಬಂದ ಮುಖ

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ಅನುಸೂಯಮ್ಮ ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದಳು. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳು ಹಾಳೆ ಹಾಸಿ, ಗೆರೆಯ ಮೇಲೆ ಗೆರೆ ಇಂಕಿನಲ್ಲಿ ಎತ್ತಬೇಕು. ಸ್ವಂತದ್ದೇನೂ ಸೇರಿಸುವಂತಿಲ್ಲ. ಭಾನುವಾರಗಳಲ್ಲಿ ಒಂದು ವಾರಪತ್ರಿಕೆಗೆ, ಬೇರೆಯವರ ಕಥೆಗಳಿಗೆ ಚಿತ್ರ ಬರೆದುಕೊಡುತ್ತಿದ್ದಳು. ಬರೆಯುತ್ತ ಬರೆಯುತ್ತ, ಈ ಮುಖದ ಹೆಂಗಸು ಕಥೆಯಲ್ಲಿರುವ ಹಾಗೆ ಮಾತಾಡಲಾರಳು ಅನ್ನಿಸತೊಡಗಿತು. ಸಂಪಾದಕರಿಗೆ ಹೇಳಿದಾಗ ಅವರು ನಕ್ಕು, "ಹಾಗಾದ್ರೆ ನೀವೇ ಒಂದು ಬರೀರಿ. ಚಿತ್ರಾನೂ ನಿಮ್ದೇ ಇರ್ಲಿ" ಅಂದರು.

ಬರೆದಳು. ಪ್ಯಾಕಿಂಗಿನ ವಸಂತಮ್ಮ ಶೆಡ್ಡಿನ ಹಿಂದೆ ಊಟಕ್ಕೆ ಕೂತಾಗ ತನ್ನೊಬ್ಬಳಿಗೇ ಹೇಳಿಕೊಂಡದ್ದನ್ನು ಬರೆದಳು. ಗಂಡ ಭದ್ರಾವತಿಯಲ್ಲಿ ಕೆಲಸದಲ್ಲಿದ್ದಾನೆ ಅಂತ ಎಲ್ಲರಿಗೂ ಹೇಳುತ್ತಿದ್ದ ವಸಂತಮ್ಮನಿಗೆ ಅವನು ಎಲ್ಲಿದ್ದಾನೋ ಗೊತ್ತೇ ಇರಲಿಲ್ಲ. ಯುಗಾದಿಗೆ ಅವನು ಕಳಿಸಿದ್ದು ಅಂತ ತೋರಿಸುವ ಸೀರೆಯನ್ನು ಅವಳೇ ಚಿಕ್ಕಪೇಟೆಯಿಂದ ತರುತ್ತಿದ್ದಳು.

ಅನುಸೂಯಮ್ಮ ಹೆಸರು ಬದಲಿಸಿದಳು, ಊರು ಬದಲಿಸಿದಳು, ಕಾರ್ಖಾನೆಯನ್ನು ಊದುಬತ್ತಿ ಶೆಡ್ ಮಾಡಿದಳು. ಆಮೇಲೆ ಚಿತ್ರಕ್ಕೆ ಕೂತಾಗ ಕೈ ತನ್ನ ಅಭ್ಯಾಸದಂತೆ ಇದ್ದದ್ದನ್ನು ಇದ್ದ ಹಾಗೆ ಎತ್ತಿತು: ಅಗಲ ಹಣೆ, ಎಡಹುಬ್ಬಿನ ಮೇಲಿನ ಸುಟ್ಟ ಕಲೆ, ನಗುವಾಗ ಬಾಯಿಗೆ ಬರುವ ಸೆರಗು. ಚೆನ್ನಾಗಿ ಬಂತೆಂದು ಖುಷಿಯೂ ಆಯಿತು.

ಪತ್ರಿಕೆ ಬಂದ ದಿನ ಪ್ಯಾಕಿಂಗಿನ ಮಾರಕ್ಕ ಅದನ್ನು ಎತ್ತಿ ಹಿಡಿದು ಕೂಗಿದಳು. "ಲೇ ವಸಂತಿ, ನೀನು ಪೇಪರ್ನಾಗೆ ಬಂದಿದ್ದೀಯ ಕಣೇ! ಇನ್ಮೇಲೆ ನಮ್ಮನ್ನೆಲ್ಲ ಮಾತಾಡುಸ್ತೀಯೋ ಇಲ್ವೋ!"

ಎಲ್ಲರೂ ನಕ್ಕರು. ಓದಲು ಬರುವವರು ಕಥೆ ಓದಿದರು. ಊಟದ ಹೊತ್ತಿಗೆ ನಗು ನಿಂತಿತ್ತು.

ಓದು ಬಾರದ ವಸಂತಮ್ಮ ಪತ್ರಿಕೆ ಹಿಡಿದುಕೊಂಡು ಬಂದು ಅನುಸೂಯಮ್ಮನ ಪಕ್ಕದಲ್ಲಿ ಕೂತಳು. "ಅನುಸೂಯಮ್ಮೋರೆ, ನನ್ನ ಮಕ ಎಷ್ಟ್ ಚೆಂದಾಗ್ ಬರ್ದಿದ್ದೀರಿ! ಕತೆ ಒಸಿ ಓದ್ರವ್ವ."

ಉಳಿದವರು ಡಬ್ಬಿಗಳ ಮೇಲೆ ಬಗ್ಗಿದರು. ಅನುಸೂಯಮ್ಮ ಅಕ್ಷರಗಳ ಮೇಲೆ ಕಣ್ಣಿಟ್ಟು, ಅಲ್ಲಿಲ್ಲದ್ದನ್ನು ಓದಿದಳು. ಊದುಬತ್ತಿ ಹೊಸೆಯುವ ಹೆಂಗಸು, ತಿಂಗಳಿಗೊಮ್ಮೆ ಊರಿಗೆ ಬರುವ ಗಂಡ, ಅವನು ತರುವ ಮಲ್ಲಿಗೆ. ಸುಳ್ಳು ಸಲೀಸಾಗಿ ಬರುತ್ತಿತ್ತು. ಯಾರೂ ತಡೆಯಲಿಲ್ಲ. ಮಾರಕ್ಕ ಮುದ್ದೆ ಮುರಿಯುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

"ನಿಲ್ಸಿ" ಅಂದಳು ವಸಂತಮ್ಮ. "ಇದ್ನ ಓದಿದ್ ಮ್ಯಾಲೆ ಯಾರೂ ನನ್ನ ಮಕ ನೋಡ್ತಾ ಇಲ್ಲ. ಗಂಡ ಊವ ತಂದ್ರೆ ಇಂಗಾಡ್ತಾರಾ? ಅದ್ರಾಗೆ ಇರೋದ್ನ ಓದಿ."

"ವಸಂತಮ್ಮ, ತಪ್ಪಾಯ್ತು..."

"ಅದು ಆಮ್ಯಾಕೆ. ಎಲ್ರಿಗೂ ಗೊತ್ತಾಗೈತೆ. ನಂಗೊಬ್ಳಿಗೆ ಯಾಕ್ ಬ್ಯಾಡ? ಓದಿ."

ಓದಿದಳು. ಗಂಡ ಹೋದದ್ದು, ಭದ್ರಾವತಿಯ ಬದಲು ಇಟ್ಟ ಊರು, ಸೀರೆ. ವಸಂತಮ್ಮನ ಮುಖ ಅಲುಗಲಿಲ್ಲ. ಪುಟದ ಕೊನೆಯಲ್ಲಿ, ಹಲವು ಸಲ ತಿದ್ದಿ, ತನಗೆ ತಾನೇ ಜೋರಾಗಿ ಓದಿಕೊಂಡು ಮೆಚ್ಚಿದ್ದ ಸಾಲು ಬಂತು. ಅದನ್ನೂ ಓದಿದಳು. "ಅವಳ ಬದುಕೇ ಯಾರೂ ಉಡದೆ ಮಡಿಸಿಟ್ಟ ಸೀರೆಯಾಗಿತ್ತು."

ವಸಂತಮ್ಮ ಪುಟದ ಕಡೆ ಬಗ್ಗಿದಳು.

"ನಾನು ಆ ಸೀರೆ ಉಟ್ಕಂಡೇ ಓಡಾಡ್ತೀನಲ್ಲವ್ವಾ. ಇದೇನು ಇಂಗಂದ್ರೆ?"

ವ್ಯಂಗ್ಯವೇನೂ ಇರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿ, ಅನುಸೂಯಮ್ಮನ ಮುಖ ನೋಡುತ್ತ ಕಾಯುತ್ತಿದ್ದಳು.