ಕೈಯಿಂದ ಕೈಗೆ ಕೊಡದ ಅಳತೆ ಕೋಲು

ಟೈನ್ ನದಿ ದಂಡೆಯ ಫಿರಂಗಿ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವವನು ನಾನು. ಅಣ್ಣತಮ್ಮಂದಿರ ಜಗಳದಲ್ಲಿ ಮೂಗು ತೂರಿಸುವ ಚಟ ನನಗಿಲ್ಲ. ಆದರೂ ಕತ್ಬರ್ಟ್, ಜೇಬೆಜ್ ಇಬ್ಬರ ಹಟ ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು. ಮುಷ್ಕರದ ಕಾಲದಲ್ಲಿ ತಮ್ಮ ಜೇಬೆಜ್, ಕಾಯಿಲೆ ಬಿದ್ದ ಮಗಳಿಗೆ ಔಷಧಿ ತರಬೇಕೆಂದು ಕೆಲಸಕ್ಕೆ ಬಂದುಬಿಟ್ಟ. ಅಣ್ಣ ಅವನನ್ನು ದ್ರೋಹಿ ಎಂದು ಜರೆದು ಮಾತು ಬಿಟ್ಟ. ಮಗು ಹೆಸ್ಟರ್ ಉಳಿಯಲಿಲ್ಲ. ದೊಡ್ಡಪ್ಪ ಎನಿಸಿಕೊಂಡವನು ಮಣ್ಣಿಗೂ ಬರಲಿಲ್ಲ. ಥೂ, ಅದೆಂಥ ಕಲ್ಲು ಮನಸ್ಸೋ!

ಫಿರಂಗಿಯ ನಳಿಗೆಯ ಮೇಲೆ ಉಕ್ಕಿನ ದಪ್ಪ ಬಳೆ ಕೂರಿಸುತ್ತೇವೆ. ಬಳೆಯ ಒಳಗನ್ನು ಕೊರೆಯುವವನು ಜೇಬೆಜ್. ಆ ಅಳತೆಗಿಂತ ಕೂದಲೆಳೆಯಷ್ಟು ಹೆಚ್ಚಿಟ್ಟು ನಳಿಗೆಯ ಹೊರಮೈಯನ್ನು ಲೇತಿನಲ್ಲಿ ಕಡೆಯುವವನು ಕತ್ಬರ್ಟ್. ಬಳೆಯನ್ನು ಕಾಯಿಸಿ, ಹಿಗ್ಗಿದಾಗಲೇ ಇಳಿಸಿಬಿಡಬೇಕು. ಆರಿದರೆ ಜನ್ಮಕ್ಕೂ ಬಿಡುವುದಿಲ್ಲ. ಒಳ ಅಳತೆಯ ಉಕ್ಕಿನ ಕೋಲನ್ನು ಕೊರೆದವನು ಕಡೆಯುವವನ ಕೈಗೇ ಕೊಡುವುದು, ಇಬ್ಬರೂ ಒಟ್ಟಿಗೆ ಬಳೆಯೊಳಗೆ ಹಿಡಿದು ನೋಡುವುದು ನಮ್ಮಲ್ಲಿನ ಪದ್ಧತಿ. ಇವರೋ ಮುಖ ಕೊಟ್ಟು ನೋಡುವವರಲ್ಲ. ಜೇಬೆಜ್ ಕೋಲನ್ನು ಬಳೆ ಕಾಯಿಸುವ ಒಲೆಯ ಪಕ್ಕದ ಬೆಂಚಿನ ಮೇಲಿಟ್ಟು ಹೋದ. ಕತ್ಬರ್ಟ್ ಆಮೇಲೆ ಬಂದು ಎತ್ತಿಕೊಂಡ.

ಬಳೆ ಇಳಿಸುವ ದಿನ ನಳಿಗೆಯನ್ನು ನೆಟ್ಟಗೆ ನಿಲ್ಲಿಸಿದ್ದರು. ಇಳಿಸುವಾಗ ನಾನು ನೋಡಬೇಕಾದದ್ದು ಕಡೆದವನ, ಅಂದರೆ ಕತ್ಬರ್ಟ್‌ನ, ಕೈಸನ್ನೆ ಮಾತ್ರ. ಬೇರೆ ಯಾರು ಬೊಬ್ಬೆ ಹೊಡೆದರೂ ಕೇಳುವಂತಿಲ್ಲ. ಅರ್ಧ ಇಳಿಯಿತು. ಬಳೆ ಒಂದು ಮಗ್ಗುಲಲ್ಲಿ ಹಿಡಿಯತೊಡಗಿದ್ದು ಜೇಬೆಜ್ ನಿಂತಿದ್ದ ಕಡೆಗೆ ಕಾಣುತ್ತಿತ್ತು, ಅಣ್ಣನಿಗೆ ಕಾಣುತ್ತಿರಲಿಲ್ಲ. ಅಲ್ಲೇ ಕಚ್ಚಿಕೊಂಡರೆ ಇಡೀ ಫಿರಂಗಿ ಗುಜರಿಗೆ. ಕತ್ಬರ್ಟ್ ಮನೆಗೆ. ಆ ವಯಸ್ಸಿನಲ್ಲಿ ಅವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ತಮ್ಮ ಸುಮ್ಮನೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾನಾಗಿದ್ದರೆ ಮುಚ್ಚಿಕೊಂಡೇ ಇರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

"ಅಣ್ಣಾ! ಹಿಡ್ಕೊಳ್ತಾ ಇದೆ! ಎತ್ತಿಸೋ, ಬೇಗ!"

ಕತ್ಬರ್ಟ್ ಬೆಚ್ಚಿ ತಿರುಗಿದ. ಬಳೆ ನೋಡುವುದು ಬಿಟ್ಟು ತಮ್ಮನನ್ನೇ ನೋಡುತ್ತ ನಿಂತ.

"ಲೇ, ಕೈ ಎತ್ತೋ ಮಾರಾಯ! ಮುಖ ಆಮೇಲೆ ನೋಡ್ಕೊಳ್ಳೀರಂತೆ!" ಎಂದು ಮೇಲಿನಿಂದ ಅರಚಿದೆ. ಕೈ ಮೇಲೆದ್ದಿತು. ಎಳೆದೆ. ಬಳೆ ಕಿರುಗುಟ್ಟುತ್ತ ಬಿಡಿಸಿಕೊಂಡು ಬಂತು.

ಎಲ್ಲ ಆರಿದ ಮೇಲೆ ಇಬ್ಬರೂ ಕೋಲು ಹಿಡಿದು ನೋಡಿದರು. ಬಳೆಯ ಅಳತೆ ಸರಿಯಾಗಿತ್ತು. ನಳಿಗೆಯೇ ದಪ್ಪ.

"ನಾನು ಎತ್ಕೊಳ್ಳೋ ಮುಂಚೆ ಎಷ್ಟು ಹೊತ್ತು ಒಲೆ ಹತ್ರ ಇತ್ತು ಇದು?" ಕತ್ಬರ್ಟ್ ಕೇಳಿದ.

"ಬೆಳಿಗ್ಗೆಯಿಂದ."

"ಅಯ್ಯೋ! ಕಾದು ಹಿಗ್ಗಿದೆ. ಆ ಬಿಸಿ ಅಳತೇಗೇ ಕಡ್ದಿದೀನಿ ನಾನು. ಹೋಗ್ಲಿ ಬಿಡು, ಇನ್ನೊಂಚೂರು ಕಡೆದ್ರಾಯ್ತು."

ಕೆಲಸದ ಮಾತು ಅಲ್ಲಿಗೆ ಮುಗಿಯಿತು. ಇಬ್ಬರೂ ಕದಲಲಿಲ್ಲ.

"ಹೆಸ್ಟರ್ ಮಣ್ಣಿಗೆ ನಾನು ಬರ್ಲಿಲ್ಲ ಕಣೋ," ಎಂದ ಕತ್ಬರ್ಟ್.

ಜೇಬೆಜ್ ಕೈಯ ಎಣ್ಣೆ ಒರೆಸಿಕೊಳ್ಳುತ್ತಿದ್ದ. "ನೀನು ಬಂದೇ ಬರ್ತೀಯ ಅಂತ ಪೆಟ್ಟಿಗೆ ಗುಂಡಿಗೆ ಇಳಿಸೋಕೆ ಬಿಡ್ಲಿಲ್ಲ ಅಣ್ಣ ನಾನು. ಪಾದ್ರಿಗಳು ಬೈದ್ರು. ಆದ್ರೂ ಸ್ಮಶಾನದ ಗೇಟ್ ಕಡೇನೇ ನೋಡ್ತಾ ನಿಂತಿದ್ದೆ."

ಕತ್ಬರ್ಟ್ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ.