ತಿಪ್ಪೇರುದ್ರಪ್ಪನ ಪಾಲಿನ ಮಣ್ಣು

ಆಂಬುಲೆನ್ಸಿನ ಬಾಗಿಲಿಗೆ ಅಡ್ಡ ನಿಂತು ಜಂಪಣ್ಣ ಎರಡೂ ಕೈ ಚಾಚಿದ.

"ಅಣ್ಣನ್ನ ಕೊಯ್ಯಾಕೆ ಕೊಡಲ್ಲ ಅತ್ತಿಗೆ! ಮುಂಜಾನೇನೇ ಗುಂಡಿ ತೋಡೀನಿ. ಮಣ್ಣು ಹಾಕಾಕೆ ನಮ್ಮೂರು ತಾಳ್ಯಕ್ಕೆ ನೆಂಟರೆಲ್ಲ ಬಂದವ್ರೆ."

"ತೋಡು ಅಂತ ನಿಂಗೆ ಹೇಳಿದ್ಯಾರು?" ಗಾಡಿಯೊಳಗೆ ಗಂಡ ತಿಪ್ಪೇರುದ್ರಪ್ಪನ ತಲೆಯ ಬಳಿ ಕುಳಿತಿದ್ದ ನಿಂಗಕ್ಕ ಕೇಳಿದಳು. "ಓದೋ ಹುಡುಗ್ರಿಗೆ ನನ್ನ ದೇಹ ಕೊಡ್ರಿ ಅಂತ ನಿನ್ನ ಮುಂದೇನೇ ಹೇಳಿದ್ರಲ್ಲ."

"ಸತ್ತ ಸುದ್ದಿ ಕೇಳ್ತಿದ್ದಂಗೇ ಗುದ್ದಲಿ ಹಿಡಿದೆ. ಈಗ ಖಾಲಿ ಬಿಟ್ರೆ ಆ ಗುಂಡಿ ಇನ್ನೊಬ್ಬರನ್ನ ಕೇಳ್ತದೆ."

"ನೀನೇ ಮಲಿಕ್ಕಳ್ಳಲೇ, ಅಳತೆ ಸರಿಯಾಗೈತೆ," ಎಂದಳು ಅವನ ಅಕ್ಕ ಕಾಳಕ್ಕ.

ಅಳುತ್ತಿದ್ದವರೂ ನಕ್ಕುಬಿಟ್ಟರು. ಜಂಪಣ್ಣ ನಗಲಿಲ್ಲ.

*

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಿಗೆ ದುರ್ಗದಲ್ಲಿ ದೊಡ್ಡಾಸ್ಪತ್ರೆಯ ಗೋಡೆ ಏಳತೊಡಗಿತ್ತು. ಅಲ್ಲಿ ಕಲ್ಲು ಕೆತ್ತಲು ಸೇರಿದಾಗ ತಿಪ್ಪೇರುದ್ರಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಸುಣ್ಣದ ಧೂಳಿನಲ್ಲಿ ಕಲ್ಲಿನ ಕಮಾನುಗಳು ಮೋಡದಿಂದ ಇಳಿದು ನಿಂತಂತೆ ಕಾಣುತ್ತಿದ್ದವು. ಅವನು ಕೆತ್ತಿದ ಮೊದಲ ಕಲ್ಲುಗಳು ಒಡೆದುಹೋದವು. ಮೇಸ್ತ್ರಿ ಬೈಯಲಿಲ್ಲ, ಎತ್ತಿಕೊಂಡು ಹೋಗಿ ದಪ್ಪ ಗೋಡೆಯ ಹೊಟ್ಟೆಯೊಳಗೆ ತುಂಬಿದ. ಕಟ್ಟಡ ಮುಗಿದಾಗ ಬಾಗಿಲ ಪಕ್ಕ ರಿಬ್ಬನ್ ಕತ್ತರಿಸಿದವರ ಹೆಸರು ಕೆತ್ತಿಸಿದರು. ಕಲ್ಲು ಹೊತ್ತವರ ಹೆಸರಿಗೆ ಜಾಗ ಸಾಲಲಿಲ್ಲವಂತೆ, ಅಷ್ಟುದ್ದದ ಗೋಡೆಯಲ್ಲಿ!

ಎಷ್ಟೋ ಕಾಲದ ಮೇಲೆ ಅಲ್ಲೇ ಡಾಕ್ಟರ್ ಓದು ಶುರುವಾಯಿತು. ಹೋದ ವರ್ಷ ಮುದುಕ ಅದೇ ಕಮಾನುಗಳ ಕೆಳಗೆ ಜ್ವರದಲ್ಲಿ ಮಲಗಿದ್ದಾಗ, ಓದುವ ಹುಡುಗಿಯೊಬ್ಬಳು ನರ ಸಿಗದೆ ಸೂಜಿ ಚುಚ್ಚಿ ಚುಚ್ಚಿ ಅತ್ತೇಬಿಟ್ಟಳು.

"ಅಳಬ್ಯಾಡ ತಾಯಿ, ಇನ್ನೊಂದ್ಸಲ ಚುಚ್ಚು," ಎಂದ ಅವನು. "ನಾ ಕೆಡಿಸಿದ ಕಲ್ಲೂ ಈ ಗೋಡೆ ಒಳಗೇ ಅವೆ. ನಿಂತಿಲ್ವಾ ಗೋಡೆ?"

ತನ್ನ ದೇಹ ಕೊಡುವ ಮಾತನ್ನು ಹೆಂಡತಿ, ತಮ್ಮನ ಮುಂದೆ ಆಡಿದ್ದು ಆವತ್ತೇ.

*

"ನಿಮ್ಮಣ್ಣ ಆಡಿದ ಮಾತು ಯಾವತ್ತು ತಪ್ಪವ್ರೆ?" ನಿಂಗಕ್ಕನ ದನಿ ಏರಲಿಲ್ಲ. "ಸರಿ ಆಚೆ."

ಜಂಪಣ್ಣ ಸರಿದ. ಗಾಡಿ ಹೊರಟು ಬಿಸಿಲುಗುದುರೆಯೊಳಗೆ ಕರಗಿತು.

ಬಂದವರು ಮಣ್ಣು ಹಾಕದೆ ಹಿಂತಿರುಗುವಂತಿರಲಿಲ್ಲ. ಹೋಗಿ ಗುಂಡಿಯ ಸುತ್ತ ನಿಂತರು. ಮುಷ್ಟಿ ಮುಷ್ಟಿಯಲ್ಲೂ ಮಣ್ಣು. ಯಾರ ಮೇಲೆ ಹಾಕುವುದು?

ಜಂಪಣ್ಣ ಗುಂಡಿಗೆ ಇಳಿದ. ಹೆಗಲ ಮೇಲಿನ ಕಂಬಳಿ ತೆಗೆದು ಉದ್ದಕ್ಕೆ ಹಾಸಿದ. ತಲೆಯ ಕಡೆ ಮಡಿಚಿ ದಿಂಬು ಮಾಡಿ ಮೇಲೆ ಹತ್ತಿಬಂದ.

"ಹಾಕ್ರಿ," ಎಂದ.

ಹೊಲದ ಕಡೆಯಿಂದ ಗಾಳಿ ಬೀಸಿತು. ಕಂಬಳಿ ಎದೆಯ ಜಾಗದಲ್ಲಿ ಮೆಲ್ಲಗೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಮುಷ್ಟಿ ಬಿಚ್ಚಲಾರದೆ ಎಲ್ಲರೂ ನಿಂತೇ ಇದ್ದರು.