ಗೊಬೆರ್ನದೋರಾದ ಮೊದಲ ನೀರು

ಶಬ್ದದ ತೊಟ್ಟಿಯಿಂದ ನೆರೇಯಿದಾ ಎತ್ತಿದ ಗಾಜಿನ ಪಾತ್ರೆಯಲ್ಲಿ ರಸ ಕೆಸರುಹಸಿರಾಗಿತ್ತು. ಮೇಲೆ ಎಂಜಲಿನಂಥ ನೊರೆ. ಕಿವಿಗೆ ಕೇಳದ ಆ ಅಲ್ಟ್ರಾಸೌಂಡ್ ಶಬ್ದ ಇಪ್ಪತ್ತೇ ನಿಮಿಷದಲ್ಲಿ ಎಲೆಯ ಒಡಲು ಸೀಳಿ, ಒಳಗಿದ್ದುದನ್ನೆಲ್ಲ ಕಕ್ಕಿಸುತ್ತಿತ್ತು. ಗೊಬೆರ್ನದೋರಾ ಎಂಬ ಮರುಭೂಮಿಯ ಪೊದೆ ಅದು. ಡಾಂಬರಿಗೆ ಹಳೆಯ ಬೆವರು ಬೆರೆಸಿದಂಥ ಅದರ ವಾಸನೆ ಅವಳ ಕೂದಲಿಗೆ, ಅಂಗಿಗೆ, ಮಧ್ಯಾಹ್ನದ ತೊರ್ತಿಯಾ ರೊಟ್ಟಿಗೂ ಹತ್ತಿತ್ತು. ಮೂರು ಸಲ ಕೈ ತೊಳೆದು ಮೂಸಿದಳು. ಹೋಗಿರಲಿಲ್ಲ.

“ಕಾಲೆತ್ತು ಮಗಳೇ,” ಎನ್ನುತ್ತ ದೋನ್ಯಾ ತಾಚಾ ನೆಲ ಒರೆಸಲು ಬಂದರು. ಸಾಲ್ತಿಯೋ ನಗರದ ಆ ಪ್ರಯೋಗಾಲಯವನ್ನು ಹದಿನಾಲ್ಕು ವರ್ಷದಿಂದ ಅವರೇ ಒರೆಸುತ್ತಿದ್ದರು. ಅವರ ಮೂತ್ರಪಿಂಡದ ಕಲ್ಲಿಗೆಂದು ಪ್ರಯೋಗಾಲಯದ ಮುಖ್ಯಸ್ಥ ಡಾಕ್ಟರ್ ಬಾಲ್ದೊಮೇರೋ ಈ ರಸದ ಶೀಶೆ ಕೊಟ್ಟು ಮೂರು ವಾರವಾಗಿತ್ತು. ದಿನವೂ ತಾಚಾರನ್ನು ವಿಚಾರಿಸಿ ಹಾಳೆಯಲ್ಲಿ ಬರೆಯುವುದು ಸಂಶೋಧನಾ ವಿದ್ಯಾರ್ಥಿನಿ ನೆರೇಯಿದಾಳ ಕೆಲಸ.

“ಹನಿ ತಗೊಂಡ್ರಾ?”

“ತಗೊಂಡೆ. ದೆವ್ವದ ಉಚ್ಚೆ ಇದ್ದಂಗಿದೆ. ನುಂಗುವಾಗ ನನ್ನ ಗಂಡನ್ನ ನೆನಸ್ಕೋತೀನಿ. ಅವನಿಗಿಂತ ಇದೇ ವಾಸಿ ಅನ್ಸುತ್ತೆ.”

“ಮನೇಲೂ ಇದರ ಕಷಾಯ ಮಾಡ್ತಿದ್ರಲ್ಲ, ಅದೂ ಹೀಗೇ ಇರ್ತಿತ್ತಾ?”

“ಎಲ್ಲಿ ಬಂತು! ಅತ್ತೆ ಮೊದಲ ನೀರು ಮುಟ್ಟೋಕೇ ಬಿಡ್ತಿರ್ಲಿಲ್ಲ. ಕುದಿಸಿ ಹಿತ್ತಲಿಗೆ ಚೆಲ್ಲೋಳು. ಅದೇ ಎಲೆಗೆ ಎರಡನೇ ನೀರು ಹಾಕಿ ಒಂದು ಲೋಟ, ಒಂಬತ್ತೇ ದಿನ. ಮೊದಲ ನೀರು ಬಿದ್ದ ಕಡೆ ಹುಲ್ಲೂ ಹುಟ್ತಿರ್ಲಿಲ್ಲ ಮಗಳೇ.”

ನೆರೇಯಿದಾ ತೊಟ್ಟಿಯನ್ನು ನೋಡಿದಳು. ಈ ಶಬ್ದಕ್ಕೆ ಮೊದಲ ನೀರೂ ಇಲ್ಲ, ಎರಡನೆಯದೂ ಇಲ್ಲ; ವಿಷ, ಮದ್ದು ಎಲ್ಲ ಒಟ್ಟಿಗೇ. ಎಷ್ಟು ಹೆಚ್ಚು ಸಾರ ಬಂತೆಂದು ಪ್ರಯೋಗಾಲಯದವರು ಪುಟಗಟ್ಟಲೆ ಲೆಕ್ಕ ಬರೆದಿದ್ದರು. ಜನ ಏನನ್ನು ಚೆಲ್ಲುತ್ತಾರೆಂದು ಒಬ್ಬರೂ ಕೇಳಿರಲಿಲ್ಲ.

ತಾಚಾ ಕಿಟಕಿಯ ಕಡೆ ತಿರುಗಿದರು. ಅವರ ಕಣ್ಣಿನ ಬಿಳಿ ಹಳಸಿದ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು.

“ಮೈ ಕೆರೆಯುತ್ತಾ?”

“ತುಂಬಾ. ಸೋಪಿಂದಿರಬೇಕು.”

ಡಾಕ್ಟರ್ ತನ್ನ ಕೋಣೆಯಲ್ಲಿ ಪುಲ್ಕೆ ಹೆಂಡ ಹಾಕಿ ಮಾಡಿದ ಸಿಹಿ ಬ್ರೆಡ್ಡು ತಿನ್ನುತ್ತಿದ್ದ. ಔಷಧ ಕಂಪನಿಯವರು ಮರುದಿನ ಬರುವವರಿದ್ದರು. ನೆರೇಯಿದಾ ಹೇಳಿದ್ದನ್ನೆಲ್ಲ ಕೇಳುತ್ತ ಬೆರಳಿನ ಸಕ್ಕರೆ ನೆಕ್ಕಿದ. ಆ ಬೆರಳಿನಿಂದಲೇ ತಾಚಾರ ಹಾಳೆ ಮಗುಚಿದ.

“ಹೆಚ್ಚು ಕುಡಿದಿರ್ತಾಳೆ. ಆ ಜನಾನೇ ಹಾಗೆ. ‘ದೂರು ಇಲ್ಲ’ ಅಂತ ಬರಿ.”

“ಡಾಕ್ಟರ್, ಕಣ್ಣು ಹಳದಿಯಾಗಿದೆ. ಅವರ ಲಿವರ್ ಹೋಗುತ್ತೆ.”

“ನಾಳೆ ಒಂದು ದಿನ ಕಳೀಲಿ, ಆಮೇಲೆ ನೋಡೋಣ. ನಿನ್ನ ಪ್ರಬಂಧಕ್ಕೆ ಸಹಿ ಹಾಕೋನು ನಾನೇ ಅಲ್ವಾ?” ತಟ್ಟೆಯನ್ನು ಅವಳತ್ತ ದೂಡಿದ. “ತಿನ್ನು. ಮುಖ ಯಾಕೆ ಹಂಗೆ ಮಾಡ್ಕೊಂಡಿದ್ದೀಯ?”

ಕಚ್ಚಿಬಿಟ್ಟ ಬ್ರೆಡ್ಡಿನ ಅಂಚಿನಲ್ಲಿ ಅವನ ಎಂಜಲು ಹೊಳೆಯುತ್ತಿತ್ತು. ಅವಳ ಗಂಟಲಿಗೆ ಹುಳಿ ಉಕ್ಕಿ ಬಂತು. ಅದನ್ನು ನುಂಗಿ, ಹಾಳೆಯನ್ನು ಅವನ ಕೈಯಿಂದ ಎಳೆದುಕೊಂಡು ಹೊರಟಳು. ಹಿಂದಿನಿಂದ ಅವನು ಅವಳ ಹೆಸರು ಕೂಗಿದ. ತಿರುಗಲಿಲ್ಲ.

“ಬನ್ನಿ, ಆಸ್ಪತ್ರೆಗೆ ಹೋಗೋಣ,” ಎಂದಳು ತಾಚಾರಿಗೆ.

“ಮೆಟ್ಟಿಲು ಒರೆಸಿಲ್ಲ ಕಣೇ.”

“ಹಾಳಾಗ್ಲಿ ಬಿಡಿ.” ತಾಚಾರ ಏಪ್ರನ್ನಿನ ಜೇಬಿನಲ್ಲಿದ್ದ ಶೀಶೆಯನ್ನೂ ತೆಗೆದುಕೊಂಡಳು.

ಆಸ್ಪತ್ರೆಯ ವೈದ್ಯೆ ತಾಚಾರ ರೆಪ್ಪೆ ಎಳೆದು ನೋಡಿದಳು. ಶೀಶೆಯ ಮುಚ್ಚಳ ತೆರೆದು ಮೂಸಿ ಮುಖ ಸಿಂಡರಿಸಿದಳು. “ಇದನ್ನ ಇನ್ನು ಒಂದು ಹನೀನೂ ಕುಡೀಬೇಡಿ. ಇವತ್ತು ಇಲ್ಲೇ ಇರಬೇಕು. ಕಣ್ಣು ಹೀಗಾಗಿ ಎಷ್ಟು ದಿನ ಆಯ್ತು?”

“ಇವತ್ತೇ ಇರಬೇಕಮ್ಮ,” ಎಂದರು ತಾಚಾ, ನೆರೇಯಿದಾಳ ತೋಳು ಹಿಡಿದುಕೊಂಡೇ. “ಇವಳ ಕಣ್ಣು ಸೂಕ್ಷ್ಮ. ನೋಡಿದ ತಕ್ಷಣ ಎಳ್ಕೊಂಡು ಬಂದ್ಲು.”

ಅಂದು ಗುರುವಾರ. ಸೋಮವಾರವೇ ನೆರೇಯಿದಾ ಆ ಹಳದಿಯನ್ನು ಕಂಡಿದ್ದಳು. ಟ್ಯೂಬ್‌ಲೈಟಿನ ಬೆಳಕಿರಬೇಕು ಎಂದುಕೊಂಡಿದ್ದಳು, ಹಾಗೆಂದುಕೊಳ್ಳುವುದು ಸುಲಭವಾಗಿತ್ತು. ಸೋಮವಾರ, ಮಂಗಳವಾರ, ಬುಧವಾರ, ಮೂರೂ ದಿನ ‘ದೂರು ಇಲ್ಲ’ ಎಂದು ದುಂಡಗೆ ಬರೆದಿದ್ದಳು. ಬಾಯಲ್ಲಿ ಮತ್ತೆ ಅದೇ ಹುಳಿ. ಈ ಸಲದ ಹೇಸಿಗೆ ಡಾಕ್ಟರನ ಮೇಲಿನದಾಗಿರಲಿಲ್ಲ.

“ಸೋಮವಾರದಿಂದ,” ಎಂದಳು. ಹಾಳೆಯನ್ನು ವೈದ್ಯೆಯ ಮುಂದಿಟ್ಟಳು. “ಬರೆದವಳು ನಾನೇ.”

ತಾಚಾ ಅವಳ ಮುಖವನ್ನೇ ನೋಡಿದರು. ಆಮೇಲೆ ಅವಳ ತೋಳಿನ ಮೇಲಿದ್ದ ತಮ್ಮ ಕೈಯನ್ನು ಮೆಲ್ಲಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.